ಒಂದು ಗುಟುಕು ಕಡಿಮೆ

ನಮ್ಮ ಚಿಕ್ಕಪ್ಪನಿಗೆ ಹುಟ್ಟಿದಾಗಿನಿಂದ ಒಂದು ದಿನವೂ ತಲೆನೋವು ಬಂದಿಲ್ಲ. ಆದರೆ ತಲೆನೋವಿನ ಔಷಧಿಯನ್ನು ಅವರಷ್ಟು ಕುಡಿದವರು, ಮೂಗಿಗೆ ಬಿಟ್ಟುಕೊಂಡವರು, ಹಣೆಗೆ ಮೆತ್ತಿಕೊಂಡವರು ಈ ನ್ಯೂಜೆರ್ಸಿಯಲ್ಲಿ ಇನ್ನೊಬ್ಬರು ಸಿಕ್ಕರೆ ನಾನು ಮಿಮಿಕ್ರಿ ಮಾಡುವುದನ್ನೇ ಬಿಟ್ಟುಬಿಡುತ್ತೇನೆ! (ನಾನು ಬಿಡಲಿ ಎಂದು ಹರಕೆ ಹೊತ್ತವರು ನಮ್ಮ ಕನ್ನಡ ಕೂಟದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರು ದಯವಿಟ್ಟು ಹುಡುಕಲು ಹೊರಡಬಾರದು.)

ತಲೆನೋವು ಇರುವುದು ಚಿಕ್ಕಮ್ಮನಿಗೆ. ಅಂತಿಂಥದ್ದಲ್ಲ, ಮೈಗ್ರೇನ್. ಅರ್ಧ ತಲೆಗೆ ಮಾತ್ರ ಬರುವ ನೋವು ಎನ್ನುತ್ತಾರೆ. ಅದು ಬಂದ ದಿನ ಪ್ಲೇನ್ಸ್‌ಬರೋದ ಆ ಟೌನ್‌ಹೌಸಿನಲ್ಲಿರುವ ಮೂವರದೂ ಪೂರ್ತಿ ತಲೆ ಕೆಡುತ್ತದೆ. ಮೂರನೆಯವನು ನಾನು. ಓದು ಮುಗಿದು, ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಿ, ದಿನಾ ರೈಲಿನಲ್ಲಿ ಕಮ್ಯೂಟ್ ಮಾಡುವ ಗಂಡಸಾದ ಮೇಲೂ ಚಿಕ್ಕಮ್ಮನ ಹುಳಿಯ ಆಸೆಗೆ ಅವರ ಬೇಸ್‌ಮೆಂಟಿನಲ್ಲೇ ಬೀಡುಬಿಟ್ಟಿರುವ ಪರಾವಲಂಬಿ.

ನೋವು ಬಂದ ದಿನ ಮನೆಯ ಪರದೆಗಳೆಲ್ಲ ಮುಚ್ಚುತ್ತವೆ. ಕುಕ್ಕರಿಗೆ ವಿಷಲ್ ಹಾಕುವ ಹಕ್ಕಿಲ್ಲ. ಫ್ರಿಜ್ಜಿನ ಬಾಗಿಲನ್ನು, ಮಲಗಿದ ಮಗುವಿನ ಕೋಣೆಯ ಬಾಗಿಲಿನಂತೆ ಮುಚ್ಚಬೇಕು. ಚಿಕ್ಕಮ್ಮ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಕತ್ತಲಲ್ಲಿ ಮಲಗಿದ್ದರೆ, ಹೊರಗೆ ಎಲೆ ಊದುವ ಯಂತ್ರ ಹೊತ್ತವನು ಸರಿಯಾಗಿ ನಮ್ಮ ಕಿಟಕಿಯ ಕೆಳಗೇ ಬಂದು ಭೋರ್ಗರೆಯುತ್ತಾನೆ. ಚಿಕ್ಕಪ್ಪ ಬರಿಗಾಲಲ್ಲಿ ಓಡಿಹೋಗಿ ಅವನಿಗೆ ಕೈಮುಗಿಯುತ್ತಾರೆ. ಅವನೂ ಯಂತ್ರ ನಿಲ್ಲಿಸಿ ಕೈಮುಗಿಯುತ್ತಾನೆ. ಈಗ ಇಬ್ಬರಿಗೂ ಅದು ಅಭ್ಯಾಸವಾಗಿದೆ.

ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಂದರಾಯಿತಪ್ಪ, ಅದಕ್ಕೇನು ರಾಮಾಯಣ ಎನ್ನುತ್ತೀರಾ? ತಂದಿದ್ದರು! ಆದರೆ ನಮ್ಮ ಚಿಕ್ಕಪ್ಪ ಮಾಡುವ ಕೆಲಸ ನಿಮಗೆ ಗೊತ್ತಿಲ್ಲ. ಅವರಿರುವುದು ಒಂದು ಔಷಧಿ ಕಂಪನಿಯಲ್ಲಿ. ಮಾತ್ರೆ ನುಂಗಿ ಏನಾದರೂ ಎಡವಟ್ಟಾದವರು ಫೋನ್ ಮಾಡಿ ದೂರು ಕೊಡುತ್ತಾರಲ್ಲ, ಆ ದೂರುಗಳನ್ನು ಬೆಳಗಿನಿಂದ ಸಂಜೆಯವರೆಗೆ ಓದಿ ವರದಿ ಬರೆಯುವುದೇ ಅವರ ವೃತ್ತಿ. ಪೊಲೀಸಿನವನಿಗೆ ಊರೆಲ್ಲ ಕಳ್ಳರೇ ಕಾಣುವಂತೆ, ಚಿಕ್ಕಪ್ಪನಿಗೆ ಪ್ರತಿ ಮಾತ್ರೆಯ ಹಿಂದೆ ನಾಲಗೆ ಊದಿಸಿಕೊಂಡ ಒಬ್ಬ ಮನುಷ್ಯ ನಿಂತಿರುತ್ತಾನೆ. ಚಿಕ್ಕಮ್ಮನ ಮಾತ್ರೆಯ ಡಬ್ಬಿಯೊಳಗಿನ ಕಾಗದವನ್ನು ಅವರು ಊಟದ ಮೇಜಿನ ಮೇಲೆ ಹಾಸಿಗೆಯ ಮೇಲುಹೊದಿಕೆಯಂತೆ ಬಿಡಿಸಿ, ಮೊದಲಿಂದ ಕೊನೆಯವರೆಗೆ ಓದಿ, ಬೆವತು, ಮತ್ತೆ ಮಡಿಸಲು ಬಾರದೆ ಹಾಗೇ ಕೂತುಬಿಟ್ಟರು.

"ಇದನ್ನ ನೀನು ನುಂಗೋದು ಬೇಡ ಕಣೇ."

"ನಿಮ್ಮ ಕಂಪನಿದಲ್ವಲ್ಲ ರೀ ಇದು!"

"ಅದೇ ಭಯ. ನಮ್ಮದಾದ್ರೆ ಏನೇನಾಗುತ್ತೆ ಅಂತ ಗೊತ್ತಿರ್ತಿತ್ತು."

ಇಂಥ ಬಂಗಾರದ ಗಣಿ ಮನೆಯಲ್ಲೇ ಇರುವಾಗ ಮಿಮಿಕ್ರಿ ಮಾಡುವವನು ಸುಮ್ಮನಿರುತ್ತಾನೆಯೇ? ಇಲ್ಲಿನ ಟೀವಿಯಲ್ಲಿ ಔಷಧಿಯ ಜಾಹೀರಾತು ಮುಗಿಯುವಾಗ ಒಬ್ಬ ಉಸಿರು ಬಿಡದೆ ಅಪಾಯಗಳನ್ನು ಓದುತ್ತಾನಲ್ಲ, ಆ ವೇಗಕ್ಕೆ ಚಿಕ್ಕಪ್ಪನ ಗಂಟಲು ಸೇರಿಸಿ ಒಂದು ಐಟಂ ಮಾಡಿದೆ. "ವಾಕರಿಕೆ, ವಾಂತಿ, ಎದೆ ಬಿಗಿತ, ಅಂಗೈ ಜುಮ್ಮೆನ್ನುವುದು, ನಾಲಗೆ ದಪ್ಪವಾಗುವುದು, ಬೆಳಿಗ್ಗೆ ಎದ್ದಾಗ ಎಡಗಾಲಿನ ಹೆಬ್ಬೆರಳು ಬೇರೆ ಯಾರದೋ ಅನ್ನಿಸುವುದು!" ಎಡಿಸನ್ನಿನ ದೀಪಾವಳಿ, ಸಮರ್‌ಸೆಟ್ಟಿನ ಗೃಹಪ್ರವೇಶ, ಎಲ್ಲೇ ಹೋಗಲಿ, "ಲೋ, ಚಿಕ್ಕಪ್ಪಂದು ಮಾಡೋ" ಎಂದು ಅಂಕಲ್‌ಗಳು ಪೀಡಿಸುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಚಿಕ್ಕಪ್ಪನೇ. ನಕ್ಕು, ಕಣ್ಣೊರೆಸಿಕೊಂಡು, "ಹೆಬ್ಬೆರಳಿನದ್ದು ಸುಳ್ಳು. ಬಾಕಿದ್ದೆಲ್ಲಾ ನಿಜ" ಎಂದು ತಿದ್ದುಪಡಿ ಕೊಡುತ್ತಿದ್ದರು.

ಹೀಗೆ ಮಾತ್ರೆಗೆ ನಿಷೇಧ, ನೋವಿಗೆ ಸ್ವಾತಂತ್ರ್ಯ ಎಂಬಂತಿದ್ದ ನಮ್ಮ ಮನೆಗೆ ಪ್ರವೇಶ ಮಾಡಿದವರು ಖಾನುಂ. ಪಕ್ಕದ ಮನೆಯವರು, ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಇರಾನಿನ ಶಿರಾಜ್ ಕಡೆಯ ಹಿರಿಯ ಹೆಂಗಸು. ಖಾನುಂ ಎಂದರೆ ಅವರ ಭಾಷೆಯಲ್ಲಿ 'ಅಮ್ಮಾವ್ರು' ಎಂದ ಹಾಗೆ. ಒಂದು ದಿನ ಪಾರ್ಕಿಂಗ್ ಲಾಟಿನಲ್ಲಿ ಚಿಕ್ಕಮ್ಮ ದುಪಟ್ಟಾವನ್ನೇ ಹಣೆಗೆ ಕಟ್ಟಿಕೊಂಡು ಕಾರಿಗೆ ಒರಗಿ ನಿಂತದ್ದನ್ನು ಕಂಡು, ಹತ್ತಿರ ಬಂದು, ಚಿಕ್ಕಮ್ಮನ ಹಣೆ ಮುಟ್ಟಿ, ಚಿಕ್ಕಪ್ಪನನ್ನು ಕೇಳಿದರು: "ಹರ್ ಹೆಡ್... ಹಾಟ್ ಆರ್ ಕೋಲ್ಡ್?"

ಚಿಕ್ಕಪ್ಪ ಗರಬಡಿದವರಂತೆ ನಿಂತರು. ಅಮೆರಿಕಕ್ಕೆ ಬಂದಮೇಲೆ ಎಷ್ಟೋ ಡಾಕ್ಟರುಗಳು ಎಷ್ಟೋ ಪ್ರಶ್ನೆ ಕೇಳಿದ್ದಾರೆ, ಉಷ್ಣವೋ ಶೀತವೋ ಎಂದು ಒಬ್ಬರಾದರೂ ಕೇಳಿದ್ದುಂಟೆ? "ನಮ್ಮಮ್ಮ ಕೇಳಿದ ಹಾಗೇ ಕೇಳಿದ್ರು ಕಣೋ!" ಎಂದು ಮನೆಗೆ ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಆವತ್ತಿನಿಂದ ನಮ್ಮ ಅಡುಗೆಮನೆ ಪರ್ಷಿಯಾ ದೇಶದ ಅಧೀನಕ್ಕೆ ಬಂತು.

ಮೊದಲು ಬಂದದ್ದು ಉಸ್ತುಖುದ್ದೂಸ್. ಲ್ಯಾವೆಂಡರ್ ಜಾತಿಯದೇ ಒಂದು ಒಣಗಿದ ಹೂ. ಅದರ ಹೆಸರನ್ನು ಸರಿಯಾಗಿ ಹೇಳುವ ಹೊತ್ತಿಗೆ ತಲೆನೋವು ತಾನೇ ಬೇಸತ್ತು ಹೋಗಬೇಕು. ಅದಕ್ಕೆ ಅವರಲ್ಲಿ 'ಮಿದುಳಿನ ಪೊರಕೆ' ಎಂಬ ಬಿರುದಿದೆಯಂತೆ. ತಲೆಯೊಳಗಿನ ಕಸವನ್ನೆಲ್ಲ ಗುಡಿಸಿಹಾಕುತ್ತದಂತೆ. ಚಿಕ್ಕಪ್ಪ ಇದನ್ನು ಭಕ್ತಿಯಿಂದ ವಿವರಿಸಿದರು. ಚಿಕ್ಕಮ್ಮ ಮಲಗಿದಲ್ಲಿಂದಲೇ ಒಂದು ಕಣ್ಣು ತೆರೆದರು.

"ನನ್ನ ತಲೇಲಿ ಪೊರಕೆ ಆಡಿಸೋಷ್ಟು ಕಸ ಇದೆ ಅಂತ ಯಾರು ಹೇಳಿದ್ರು ನಿಮಗೆ?"

ಸರಿ, ಕಷಾಯ ಕಾಯಿತು, ಸೋಸಿದ್ದಾಯಿತು, ಲೋಟಕ್ಕೆ ಬಂತು. ಆಗ ಚಿಕ್ಕಪ್ಪನ ವೃತ್ತಿಭಯ ಎದ್ದು ಕೂತಿತು. ಇದರೊಳಗೆ ಎಚ್ಚರಿಕೆಯ ಕಾಗದವಿಲ್ಲ ಎಂಬ ಕಾರಣಕ್ಕೇ ಒಪ್ಪಿಕೊಂಡಿದ್ದ ಮನುಷ್ಯ, ಈಗ ಕಾಗದವೇ ಇಲ್ಲವಲ್ಲ ಎಂದು ಹೆದರಿದರು! "ಇರು, ಮೊದಲು ನಾನು ನೋಡ್ತೀನಿ" ಎಂದವರೇ ಲೋಟಕ್ಕೆ ಬಾಯಿ ಹಾಕಿ ಒಂದು ಗುಟುಕು ಹೀರಿದರು.

ಅಲ್ಲೇ ಆದದ್ದು ಅನಾಹುತ. "ಎಂಜಲು ಮಾಡಿದ್ರಾ!" ಎಂದು ಚಿಕ್ಕಮ್ಮ ನೋವು ಮರೆತು ಎದ್ದು ಕೂತರು. ಅವರು ಮೈಸೂರಿನ ಅಗ್ರಹಾರದ ಮನೆಯಿಂದ ಬಂದವರು. ಅಮೆರಿಕದಲ್ಲಿ ಮಡಿ ಬಿಟ್ಟರು, ಮೊಟ್ಟೆ ಹಾಕಿದ ಕೇಕಿಗೆ ಕಣ್ಣುಮುಚ್ಚಿಕೊಂಡರು. ಎಂಜಲೊಂದನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ನಮ್ಮ ಮನೆಯಲ್ಲಿ ನೀರಿನ ಬಾಟಲಿಯನ್ನು ಕಚ್ಚಿ ಕುಡಿದವನು ಅದನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಆ ಕಷಾಯ ಸಿಂಕಿಗೆ ಹೋಯಿತು. ಸಂಧಾನವಾಯಿತು: ಚಿಕ್ಕಪ್ಪ ಮೊದಲು ಕುಡಿಯಬಹುದು, ಆದರೆ ಎತ್ತಿ ಕುಡಿಯಬೇಕು, ತುಟಿ ತಾಗಕೂಡದು.

ನೀರನ್ನು ಎತ್ತಿ ಕುಡಿಯುವುದು ಯಾರಿಗಾದರೂ ಬರುತ್ತದೆ. ಹೊಗೆಯಾಡುವ ಕಷಾಯವನ್ನು? ಮೇಲಿಂದ ಸುರಿದುಕೊಂಡದ್ದರಲ್ಲಿ ಅರ್ಧ ಮೀಸೆಗೆ, ಕಾಲು ಅಂಗಿಗೆ, ಉಳಿದದ್ದು ಗಂಟಲಿಗೆ. ಆಮೇಲೆ ಮರುದಿನದವರೆಗೆ ವೀಕ್ಷಣೆ. ಕನ್ನಡಿಯ ಮುಂದೆ ನಾಲಗೆ ಚಾಚುವುದು, ತಮ್ಮ ನಾಡಿಯನ್ನು ತಾವೇ ಹಿಡಿದುಕೊಂಡು ಓಡಾಡುವುದು.

"ನೋಡೋ, ಮುಖ ಊದಿದೆಯಾ?"

"ಮೊದಲಿಂದಲೂ ಹೀಗೇ ಇದೆ ಚಿಕ್ಕಪ್ಪ."

ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೇ ಚಿಕ್ಕಮ್ಮನಿಗೆ. ಆಗಲೂ ಲೋಟ ಕೊಡುವ ಮುನ್ನ ಇನ್ನೊಂದು ಸಲ ಎತ್ತಿ ಸುರಿದುಕೊಳ್ಳದೆ ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಔಷಧಿಯ ಲೋಟ ತುಂಬಿ ಬಂದದ್ದನ್ನು ಯಾರೂ ನೋಡಿಲ್ಲ. ಯಾವಾಗಲೂ ಒಂದು ಗುಟುಕು ಕಡಿಮೆ.

ಮಧ್ಯೆ ಒಮ್ಮೆ ಎರಡು ದೇಶಗಳ ಸಂಬಂಧ ಹಳಸಿತು. ಕಾರಣ ಜೀರಿಗೆ. "ಜೀರೆ ಹಾಟ್! ವೆರಿ ಹಾಟ್!" ಎಂದರು ಖಾನುಂ. "ನೋ ನೋ ಖಾನುಂ, ತಂಪು! ಕೋಲ್ಡ್! ಮೈ ಗ್ರಾಂಡ್‌ಮದರ್ ಸೆಡ್!" ಎಂದರು ಚಿಕ್ಕಪ್ಪ. ಖಾನುಂ ಕಣ್ಣು ಮಿಟುಕಿಸದೆ, "ಯುವರ್ ಗ್ರಾಂಡ್‌ಮದರ್, ರಾಂಗ್" ಎಂದುಬಿಟ್ಟರು. ಹಿತ್ತಿಲಲ್ಲಿದ್ದ ಅಳಿಲು ಕೂಡ ತಿನ್ನುವುದನ್ನು ನಿಲ್ಲಿಸಿತು! ಒಂದು ವಾರ ಮಾತಿಲ್ಲ. ಕೊನೆಗೆ ಕೊತ್ತಂಬರಿ ಬೀಜ ಇಬ್ಬರ ಅಜ್ಜಿಯರ ಪ್ರಕಾರವೂ ತಂಪು ಎಂದು ತಿಳಿದು, ಅದರ ಕಷಾಯವನ್ನು ಎತ್ತಿ ಕುಡಿಯುವ ಮೂಲಕ ಶಾಂತಿ ಸ್ಥಾಪನೆಯಾಯಿತು.

ಆಮೇಲೆ ಬಂದದ್ದು ಗೋರಂಟಿ. ಅದರ ಪುಡಿಯನ್ನು ವಿನೆಗರ್‌ನಲ್ಲಿ ಕಲಸಿ ಹಣೆಗೆ ಪಟ್ಟು ಹಾಕಬೇಕು. ಯಾರ ಹಣೆಗೆ ಮೊದಲು? ಹೇಳಬೇಕೆ! ಒಂದು ಗಂಟೆ ಬಿಟ್ಟು ತೊಳೆಯಿರಿ ಎಂದಿದ್ದರು. ಚಿಕ್ಕಪ್ಪ 'ಪೂರ್ತಿ ಪರೀಕ್ಷೆಯಾಗಲಿ' ಎಂದು ಹಾಗೇ ಮಲಗಿದರು. ಬೆಳಿಗ್ಗೆ ಹುಬ್ಬಿನಿಂದ ಮೇಲಕ್ಕೆ ಚಿಕ್ಕಪ್ಪ ಪೂರ್ತಿ ಕಿತ್ತಳೆ. ಕ್ಯಾಮೆರಾ ಹಾಕಲೇಬೇಕಾದ ಮೀಟಿಂಗ್ ಬೇರೆ. ಪರದೆಯ ಮೇಲಿನ ಅಮೆರಿಕನ್ನರೆಲ್ಲ ಕ್ಯಾಮೆರಾದ ಹತ್ತಿರಕ್ಕೆ ಬಾಗಿ ನೋಡಿದರು. ಆಮೇಲೆ ಅವರ ಮ್ಯಾನೇಜರ್ ಬಹಳ ಗೌರವದಿಂದ, "ಹ್ಯಾಪಿ... ಹ್ಯಾಪಿ ಫೆಸ್ಟಿವಲ್!" ಎಂದ. ಚಿಕ್ಕಪ್ಪ "ಥ್ಯಾಂಕ್ಯೂ, ಸೇಮ್ ಟು ಯೂ" ಎಂದರು. ಇನ್ನೇನು ಹೇಳುತ್ತಾರೆ ಪಾಪ? ಮುಂದಿನ ವರ್ಷವೂ ಅದೇ ತಿಂಗಳಿಗೆ ಅವನು ಶುಭಾಶಯ ಕಳಿಸಿದ್ದಾನೆ.

ಈ ಔಷಧಿಗಳಿಂದ ಚಿಕ್ಕಮ್ಮನಿಗೆ ಗುಣವಾಗುತ್ತಿತ್ತೇ? ಆಶ್ಚರ್ಯವೆಂದರೆ, ಆಗುತ್ತಿತ್ತು! ಕಷಾಯ ಕುಡಿದು ಒಂದೆರಡು ಗಂಟೆಯಲ್ಲಿ ಎದ್ದು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಚಿಕ್ಕಪ್ಪ ಗೋಡೆ ತಟ್ಟಿ ಖಾನುಂಗೆ ವಿಜಯವಾರ್ತೆ ಮುಟ್ಟಿಸುತ್ತಿದ್ದರು. ಹೀಗಿರುವಾಗ ಒಂದು ದಿನ ನಾನು ಚಕ್ಕುಲಿ ಕದಿಯಲು ಪ್ಯಾಂಟ್ರಿಗೆ ನುಗ್ಗಿದರೆ, ಅಲ್ಲಿ ಚಿಕ್ಕಮ್ಮ! ತೊಗರಿಬೇಳೆ ಡಬ್ಬದಿಂದ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಇಬ್ಬರೂ ಕಳ್ಳರೇ, ಯಾರು ಯಾರನ್ನು ಹಿಡಿದರೋ ಗೊತ್ತಾಗಲಿಲ್ಲ.

"ಶ್! ಚಿಕ್ಕಪ್ಪಂಗೆ ಹೇಳಿದ್ಯೋ, ಚಕ್ಕುಲಿ ಬಂದ್."

"ಮತ್ತೆ ಕಷಾಯ ಯಾಕೆ ಕುಡೀತೀರಾ?"

"ಅದೂ ಕುಡೀತೀನಿ. ಹೋಗು, ಬೆಳಕು ಬರುತ್ತೆ, ಬಾಗಿಲು ಹಾಕು."

ನಾನು ಚಕ್ಕುಲಿಯ ಪಕ್ಷಕ್ಕೆ ಸೇರಿದೆ.

ಇಲ್ಲಿಯವರೆಗೆ ನಗುತ್ತಾ ಬಂದಿದ್ದೀರಿ, ನಾನೂ ನಗುತ್ತಲೇ ಇದ್ದೆ. ಯುಗಾದಿ ಕಾರ್ಯಕ್ರಮಕ್ಕೆಂದು ಬೇಸ್‌ಮೆಂಟಿನ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ. ಚಿಕ್ಕಪ್ಪನಂತೆ ಹುಬ್ಬೇರಿಸಿ, "ವಾಕರಿಕೆ, ವಾಂತಿ..." ಎಂದು ಶುರು ಮಾಡಿದವನು ನಿಂತೆ. ಕನ್ನಡಿಯಲ್ಲಿ ನನ್ನ ಎಡಗಣ್ಣು ಇರಲಿಲ್ಲ. ಕಣ್ಣು ಉಜ್ಜಿಕೊಂಡೆ. ಈಗ ಎಡಗೆನ್ನೆಯೂ ಇಲ್ಲ! ಇದ್ದ ಜಾಗದಲ್ಲಿ ಮುರಿದ ಬಳೆಯ ಚೂರಿನಂಥ ಬೆಳಕು, ಅಂಕುಡೊಂಕಾಗಿ, ಮಿಣಮಿಣ ಎನ್ನುತ್ತ ಹರಡುತ್ತಿತ್ತು. ಇಷ್ಟು ವರ್ಷ ಬೇರೆಯವರ ಮುಖ ಹಾಕಿಕೊಂಡು ತಿರುಗಿದವನಿಗೆ ಆವತ್ತು ಸ್ವಂತದ್ದೇ ಅರ್ಧ ಕಾಣೆ.

ಗೋಡೆ ಹಿಡಿದು ಮೆಟ್ಟಿಲು ಹತ್ತಿದೆ. 'ಚಿಕ್ಕಪ್ಪ, ನನಗೇನೋ ಆಗ್ತಿದೆ' ಎನ್ನಬೇಕಿತ್ತು. ಬಾಯಿಂದ ಬಂದದ್ದು ತಲೆಬುಡವಿಲ್ಲದ ಶಬ್ದ. ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ ನಕ್ಕರು. "ಇದು ಯಾರದ್ದೋ ಹೊಸದು? ಗೊತ್ತಾಗ್ಲಿಲ್ಲ."

ಚಿಕ್ಕಪ್ಪ ನಗಲಿಲ್ಲ. ಎದ್ದು ಬಂದು ನನ್ನ ಗಲ್ಲ ಹಿಡಿದರು. "ನಗು" ಎಂದರು. ನಕ್ಕೆ. "ಎರಡೂ ಕೈ ಎತ್ತು." ಎತ್ತಿದೆ. (ಪಾರ್ಶ್ವವಾಯು ಹೊಡೆದಿದೆಯೇ ಎಂದು ನೋಡುವ ಪರೀಕ್ಷೆ ಅದು ಎಂದು ಆಮೇಲೆ ತಿಳಿಯಿತು.) ಎಲಿವೇಟರಿಗೆ, ಟರ್ನ್‌ಪೈಕ್ ಹೆದ್ದಾರಿಗೆ, ಮೈಕ್ರೋವೇವಿಗೆ ಹೆದರುವ ಆ ಮನುಷ್ಯ ತುರ್ತು ಸಹಾಯದ ನೈನ್ ಒನ್ ಒನ್‌ಗೆ ಫೋನ್ ಮಾಡಿ, ಒಂದು ಅಕ್ಷರ ತಡವರಿಸದೆ ನನ್ನ ವಯಸ್ಸು, ಲಕ್ಷಣ, ಶುರುವಾದ ಸಮಯ ಹೇಳಿದರು. ನಾನು ಜೀವಮಾನದಲ್ಲಿ ಕೇಳಿರದ ಗಂಟಲು ಅದು. ನನ್ನ ಸಂಗ್ರಹದಲ್ಲಿ ಇಲ್ಲವೇ ಇಲ್ಲ. ಅದನ್ನು ಕೇಳಿಯೇ ನನಗೆ ನಿಜವಾಗಿ ಹೆದರಿಕೆಯಾದದ್ದು.

ಆಸ್ಪತ್ರೆಯಲ್ಲಿ ತಲೆಯನ್ನು ಕೊಳವೆಯೊಳಗೆ ತೂರಿಸಿದರು, ತೆಗೆದರು, ಕಾಯಿಸಿದರು. ಆ ಹೊತ್ತಿಗೆ ಕಣ್ಣು ಮಾತು ಎರಡೂ ಮರಳಿ ಬಂದು, ಅವುಗಳ ಹಿಂದೆಯೇ ನೋವು ಬಂದಿತ್ತು. ಬಲಗಡೆ ಕಿವಿಯ ಮೇಲೆ ಯಾರೋ ಒನಕೆ ಹಾಕಿ ಕುಟ್ಟುತ್ತಿದ್ದ ಹಾಗೆ. ಚಿಕ್ಕಮ್ಮನ ನೋವಿನ ಮಿಮಿಕ್ರಿಯನ್ನೂ ನಾನು ಮಾಡಿದ್ದುಂಟು. ಎಷ್ಟು ಕಡಿಮೆ ಮಾಡಿದ್ದೆ! ಕೊನೆಗೆ ಡಾಕ್ಟರ್ ಬಂದು, ಮಿದುಳಿಗೆ ಏನೂ ಆಗಿಲ್ಲ, ಇದೂ ಮೈಗ್ರೇನೇ, ಕೆಲವರಿಗೆ ಹೀಗೆ ಕಣ್ಣು ಮಾತುಗಳನ್ನು ಹೆದರಿಸಿಕೊಂಡು ಬರುತ್ತದೆ ಎಂದಳು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದಳು. ಚಿಕ್ಕಮ್ಮ ಕೈ ಎತ್ತಿದರು. ಅವರು ಮದುವೆಯಾಗಿ ಬಂದವರು, ರಕ್ತಸಂಬಂಧ ಲೆಕ್ಕಕ್ಕೆ ಬರುವುದಿಲ್ಲ ಎಂದು ಗೊತ್ತಾದಾಗ ಚಿಕ್ಕಪ್ಪ ನೆಲ ನೋಡುತ್ತ, "ನಮ್ಮಮ್ಮಂಗಿತ್ತು" ಎಂದರು. "ಹಣೆಗೆ ಬಟ್ಟೆ ಕಟ್ಟಿಕೊಂಡು ಕತ್ತಲಲ್ಲಿ ಮಲಗ್ತಿದ್ದಳು. ನಾವು ಹುಡುಗರೆಲ್ಲಾ ಬಾಗಿಲ ಹೊರಗೆ ಕೂತಿರ್ತಿದ್ವಿ, ಸತ್ತು ಹೋಗ್ತಾಳೆ ಅಂತ."

ಮುಂದಿನ ಸಲ ಬಂದ ಕೂಡಲೇ ನುಂಗು ಎಂದು ಡಾಕ್ಟರ್ ಮಾತ್ರೆ ಬರೆದುಕೊಟ್ಟಳು.

'ಮುಂದಿನ ಸಲ' ಎಂಬುದಿದೆಯಲ್ಲ, ಅದರಷ್ಟು ಕೆಟ್ಟ ಮಾತು ಇನ್ನೊಂದಿಲ್ಲ. ರೈಲಿನ ಕಿಟಕಿಯಲ್ಲಿ ಬಿಸಿಲು ಮಿಂಚಿದರೆ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದು ಮೊದಲು ಕನ್ನಡಿಯಲ್ಲಿ ಕಣ್ಣು ಎರಡಿವೆಯೇ ನೋಡುವುದು. ಆಮೇಲೆ ನಾಲಗೆ ತಿರುಗುತ್ತದೆಯೇ ಎಂದು ನನ್ನ ಹೆಸರನ್ನೇ ಹೇಳಿಕೊಳ್ಳುವುದು. ಖಾನುಂ ಬನಫ್ಶೆ ಎಣ್ಣೆ ಕೊಟ್ಟರು, ಬಾದಾಮಿ ಎಣ್ಣೆಯಲ್ಲಿ ನೀಲಿ ಹೂ ನೆನೆಸಿದ್ದು. ಎಂದಿನಂತೆ ಮೊದಲ ಹನಿ ಚಿಕ್ಕಪ್ಪನ ಮೂಗಿಗೆ. ಇನ್ನು ತಲೆನೋವು ಬರುವುದಿಲ್ಲ ತಾನೇ ಎಂದು ಖಾನುಂ ಅವರನ್ನು ಕೇಳಿದೆ. "ಕಮ್ಸ್," ಎಂದರು. "ದಿಸ್ ಈಸ್ ಫಾರ್ ವೈಲ್ ಯೂ ವೇಟ್." ಅದು ಬಂದೇ ಬರುತ್ತದೆ; ಇದು ಕಾಯುವ ಹೊತ್ತಿಗೆ, ಅಷ್ಟೆ.

ಅದು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಉಪ್ಪಿಟ್ಟಿನ ತಟ್ಟೆಯಲ್ಲಿ ಒಂದು ಕಡೆ ಉಪ್ಪಿಟ್ಟು ಇದ್ದಕ್ಕಿದ್ದಂತೆ ಮಾಯವಾಯಿತು. ಬಳೆಚೂರು ಹೊಳೆಯತೊಡಗಿತು. "ಬಂತು" ಎಂದೆ. ಆ ಒಂದು ಮಾತು ಸರಿಯಾಗಿ ಹೊರಟಿತು.

ಚಿಕ್ಕಮ್ಮ ಪರದೆ ಎಳೆದರು. ಮಾತ್ರೆ ನನ್ನ ಅಂಗೈಗೆ ಬಂತು. ಬಾಯಿಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ತಲೆಯೊಳಗೆ ಒಂದು ಗಂಟಲು ಉಸಿರು ಬಿಡದೆ ಶುರುಮಾಡಿತ್ತು: ವಾಕರಿಕೆ, ವಾಂತಿ, ಎದೆ ಬಿಗಿತ, ನಾಲಗೆ ದಪ್ಪವಾಗುವುದು... ನಾನೇ ಕಟ್ಟಿದ ಐಟಂ, ಊರೂರಲ್ಲಿ ನಾನೇ ಮಾಡಿ ಚಪ್ಪಾಳೆ ಗಿಟ್ಟಿಸಿದ್ದು! ಅವರ ಗಂಟಲನ್ನು ಕದಿಯುವಾಗ ಅವರ ಭಯವೂ ಜೊತೆಗೇ ಬಂದುಬಿಟ್ಟಿತ್ತೆಂದು ಯಾರಿಗೆ ಗೊತ್ತಿತ್ತು? "ಆಗಲ್ಲ" ಎಂದೆ.

ಚಿಕ್ಕಪ್ಪ ಕೈ ಚಾಚಿದರು. "ಕೊಡು. ಮೊದಲು ನಾನು ನೋಡ್ತೀನಿ."

"ರೀ!" ಚಿಕ್ಕಮ್ಮ ಅವರ ಕೈಗೆ ಫಟ್ಟನೆ ಹೊಡೆದರು. "ಡಾಕ್ಟರು ಬರೆದಿರೋದು ಅವನಿಗೆ. ಮಾತ್ರೇನ ಏನು ಎತ್ತಿ ಕುಡೀತೀರಾ?"

"ಮತ್ತೆ ಅವನಿಗೆ ಏನಾದ್ರೂ ಆದ್ರೆ?"

"ಏನೂ ಆಗಲ್ಲ."

"ನಿನಗೆ ಹೇಗೆ ಗೊತ್ತು?"

ಚಿಕ್ಕಮ್ಮ ನನ್ನನ್ನೊಮ್ಮೆ ನೋಡಿದರು. ಎದ್ದು ಪ್ಯಾಂಟ್ರಿಗೆ ಹೋದರು. ತೊಗರಿಬೇಳೆ ಡಬ್ಬ ತಂದು ಮೇಜಿನ ಮೇಲಿಟ್ಟು, ಬೇಳೆಯೊಳಗೆ ಕೈ ಹಾಕಿ, ನನ್ನ ಅಂಗೈಯಲ್ಲಿದ್ದ ಅದೇ ಮಾತ್ರೆಯ ಪಟ್ಟಿ ಹೊರಗೆಳೆದರು. "ಮೂರು ವರ್ಷದಿಂದ ನುಂಗ್ತಿದ್ದೀನಿ. ತಲೆನೋವು ಹೋಗುತ್ತೆ. ಅಷ್ಟೇ ಆಗೋದು."

ಚಿಕ್ಕಪ್ಪ ಪಟ್ಟಿಯನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು. ಅವರ ವೃತ್ತಿಯೇ ಮೊದಲು ಮಾತಾಡಿತು: "ಕಷಾಯದ ಜೊತೆಗೆ? ಎರಡೂ ಸೇರಿಸಿ?" ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಹಾಗಾದ್ರೆ ನನ್ನ ಕಷಾಯ ಯಾಕೆ ಕುಡೀತಿದ್ದೆ?"

"ನೀವು ಅಷ್ಟು ಹೆದರಿಕೊಂಡು, ಮೈಮೇಲೆಲ್ಲಾ ಸುರಿದುಕೊಂಡು, ಮೊದಲು ಕುಡಿದು ತರ್ತಿದ್ರಲ್ಲ," ಎಂದರು ಚಿಕ್ಕಮ್ಮ. "ಅದಕ್ಕೆ."

ಅರ್ಧವೇ ಕಾಣುತ್ತಿದ್ದ ನನ್ನ ಕಣ್ಣಿಗೆ ಚಿಕ್ಕಪ್ಪನ ಅರ್ಧ ಮುಖವಷ್ಟೇ ಕಂಡಿತು. ಆ ಅರ್ಧದಲ್ಲಿ ಏನಿತ್ತೆಂದು ಮಿಮಿಕ್ರಿ ಮಾಡಿ ತೋರಿಸು ಎಂದರೆ ನನ್ನಿಂದಾಗದು. ಆಮೇಲೆ ಅವರು ನಲ್ಲಿಯ ಹತ್ತಿರ ಹೋಗಿ ಒಂದು ಲೋಟ ನೀರು ಹಿಡಿದರು. ಬರೀ ನಲ್ಲಿ ನೀರು. ನಾವು ಮೂವರೂ ದಿನಾ ಕುಡಿಯುವುದು. ನನ್ನ ಮುಂದೆ ಬಂದು, ಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಲೋಟಕ್ಕೆ ಬಾಯಿ ಹಾಕಿ ಕಚ್ಚಿ ಒಂದು ಗುಟುಕು ಕುಡಿದರು. ಎತ್ತಿ ಕುಡಿಯಬೇಕೆಂಬುದು ಅವರಿಗೆ ನೆನಪೇ ಆಗಲಿಲ್ಲ.

ನುಂಗಿ, ಒಂದು ಕ್ಷಣ ಕಾದು, "ಚೆನ್ನಾಗಿದೆ. ಕುಡಿ ಮರಿ" ಎಂದರು.

ನಾನು ಚಿಕ್ಕಮ್ಮನ ಕಡೆ ನೋಡಿದೆ. ಎಂಜಲು ಎನ್ನಲಿಲ್ಲ ಅವರು. ತೊಗರಿಬೇಳೆ ಡಬ್ಬದ ಮುಚ್ಚಳವನ್ನು ಸದ್ದಾಗದಂತೆ ಒತ್ತಿ ಮುಚ್ಚುತ್ತಿದ್ದರು.

ಮಾತ್ರೆ ಬಾಯಿಗೆ ಹಾಕಿಕೊಂಡು, ಅವರ ತುಟಿ ತಾಗಿದ್ದ ಕಡೆಯಿಂದಲೇ ಕುಡಿದೆ.